ಕನ್ನಡ ಶಾಲೆಯೂ ತಾಯಿತಂದೆಗಳ ಹೊಣೆಯೂ

ಮುಂಗಾರಿನ ಮೊದಲ ಹನಿಗಳೊಡನೆ ಕರ್ನಾಟಕದ ಶಾಲೆಗಳು ವರ್ಷವರ್ಷವೂ ಬಾಗಿಲು ತೆರೆಯುತ್ತವೆ. ಹಳ್ಳಿಯ ಸರಕಾರಿ ಶಾಲೆಗೆ ಮಾವಿನ ತೋರಣ ಕಟ್ಟುತ್ತಾರೆ. ಮಕ್ಕಳ ಕೈಗೆ ಹೂವಿತ್ತು, ಸಿಹಿ ಹಂಚಿ ಒಳಗೆ ಕರೆದುಕೊಳ್ಳುತ್ತಾರೆ. ಮಾಸ್ತರರು ಓಣಿ ಓಣಿ ತಿರುಗಿ ಹೆಸರು ಹಚ್ಚಿಕೊಂಡು ಬರುತ್ತಾರೆ. ಅದೇ ಮುಂಜಾನೆ ಅದೇ ಊರ ಅಗಸಿಯ ಮುಂದೆ ಹಳದಿ ಬಣ್ಣದ ಬಸ್ಸೊಂದು ಬಂದು ನಿಲ್ಲುತ್ತದೆ. ಕೊರಳಿಗೆ ಟೈ ಬಿಗಿದ ಹತ್ತಿಪ್ಪತ್ತು ಕೂಸುಗಳನ್ನು ಏರಿಸಿಕೊಂಡು ಪಟ್ಟಣದ ಕಡೆಗೆ ಹೋಗುತ್ತದೆ. ಅದೇ ಹೊತ್ತಿನಲ್ಲಿ ಇನ್ನು ಕೆಲವು ಮಕ್ಕಳು ತಾಯಿಯ ಬೆನ್ನ ಹಿಂದೆ ಬುತ್ತಿಯ ಗಂಟು ಹೊತ್ತು ಹೊಲದ ದಾರಿ ಹಿಡಿದಿರುತ್ತವೆ. ಒಂದೇ ಊರಿನ ಮಕ್ಕಳು ಒಂದೇ ಮುಂಜಾನೆ ಮೂರು ದಾರಿ ಹಿಡಿಯುವ ಈ ನೋಟವು ನಮ್ಮ ವಾಚಕರಿಗೆ ಹೊಸದಲ್ಲ. ಹೊಸದಲ್ಲವೆಂದೇ ನಾವು ಅದನ್ನು ನೋಡಿಯೂ ನೋಡದಂತೆ ಇದ್ದೇವೆ.

ಸರಕಾರಿ ಕನ್ನಡ ಶಾಲೆಯ ಹಾಜರಿ ಪುಸ್ತಕವು ಹೀಗೆ ಎರಡು ತುದಿಗಳಿಂದಲೂ ಸವೆಯುತ್ತ ನಡೆದಿದೆ. ಉಳ್ಳವರು ಒಂದು ತುದಿಯಿಂದ ತಮ್ಮ ಮಕ್ಕಳನ್ನು ಕಿತ್ತುಕೊಂಡು ಖಾಸಗಿ ಶಾಲೆಗೆ ಒಯ್ಯುತ್ತಾರೆ. ಇಲ್ಲದವರು ಇನ್ನೊಂದು ತುದಿಯಿಂದ ತಮ್ಮ ಮಕ್ಕಳನ್ನು ದುಡಿಮೆಗೆ ಒಯ್ಯುತ್ತಾರೆ. ಈ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಚರ್ಚಿಸುವ ರೂಢಿಯು ನಮ್ಮಲ್ಲಿ ಬೆಳೆದಿದೆ. ಮೊದಲನೆಯದನ್ನು ಭಾಷೆಯ ಪ್ರಶ್ನೆಯೆನ್ನುತ್ತೇವೆ, ಎರಡನೆಯದನ್ನು ಬಡತನದ ಪ್ರಶ್ನೆಯೆನ್ನುತ್ತೇವೆ. ನಮ್ಮ ಅಭಿಪ್ರಾಯದಲ್ಲಿ ಇವೆರಡೂ ಒಂದೇ ನೂಲಿನ ಎರಡು ಎಳೆಗಳು. ಊರಿನ ಗೌಡರ, ವ್ಯಾಪಾರಸ್ಥರ, ನೌಕರರ ಮಕ್ಕಳು ಇಲ್ಲದ ಶಾಲೆಯನ್ನು ಕೇಳುವವರಿಲ್ಲ; ಕೇಳುವವರಿಲ್ಲದ ಶಾಲೆಯಲ್ಲಿ ಪಾಠವು ಸಡಿಲುವದು; ಪಾಠವು ಸಡಿಲಾದ ಶಾಲೆಗೆ ಕೂಲಿಕಾರನು ತನ್ನ ಒಂದು ದಿನದ ದುಡಿಮೆಯನ್ನು ಬಿಟ್ಟು ಮಗನನ್ನು ಏಕೆ ಕಳಿಸಬೇಕು?

ತಾಯಿತಂದೆಗಳ ಮನಸ್ಸನ್ನು ಶಾಲೆಯ ಕಡೆಗೆ ತಿರುಗಿಸುವ ಕಾರ್ಯವು ನಮ್ಮ ದೇಶದಲ್ಲಿ ಎಂದೂ ಸುಲಭವಾಗಿರಲಿಲ್ಲ. ಬಡೋದೆಯ ಸಯಾಜಿರಾವ ಮಹಾರಾಜರು 1893ರಲ್ಲಿ ಅಮರೇಲಿ ಭಾಗದಲ್ಲಿ ಕಡ್ಡಾಯ ಶಿಕ್ಷಣವನ್ನು ಪರೀಕ್ಷಿಸಿ ನೋಡಿ, 1906ರಲ್ಲಿ ತಮ್ಮ ಸಂಸ್ಥಾನಕ್ಕೆಲ್ಲ ವಿಸ್ತರಿಸಿದರು. ನಾಮದಾರ ಗೋಖಲೆಯವರು 1911ರಲ್ಲಿ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ತಂದಾಗ, ಬಡವರು ಮಕ್ಕಳ ದುಡಿಮೆಯನ್ನು ಬಿಟ್ಟುಕೊಡಲಾರರು, ಕಡ್ಡಾಯವು ಜನರಿಗೆ ಸಲ್ಲದು ಎಂಬ ಮಾತುಗಳು ಸಭೆಯಲ್ಲಿ ಕೇಳಿಬಂದವು. 1912ರಲ್ಲಿ ಆ ಮಸೂದೆಯು ಬಿದ್ದುಹೋಯಿತು. ಮೈಸೂರು ಸಂಸ್ಥಾನವು 1913ರಲ್ಲಿ ತನ್ನ ಕಾನೂನು ಮಾಡಿತು. ಮುಂಬಯಿ ಇಲಾಖೆಯಲ್ಲಿ ವಿಠ್ಠಲಭಾಯಿ ಪಟೇಲರ ಯತ್ನದಿಂದ 1918ರಲ್ಲಿ ಮುನಸಿಪಾಲಿಟಿಗಳಿಗೆ ಆ ಅಧಿಕಾರವು ದೊರೆಯಿತು. ಸ್ವತಂತ್ರ ಭಾರತದ ಸಂವಿಧಾನವು ಹತ್ತು ವರ್ಷಗಳ ಒಳಗಾಗಿ ಹದಿನಾಲ್ಕು ವರ್ಷದವರೆಗಿನ ಮಕ್ಕಳೆಲ್ಲರಿಗೂ ಶಿಕ್ಷಣ ಕೊಡಲು ಯತ್ನಿಸಬೇಕೆಂದು ವಿಧಿಸಿತು. ಆ ಹತ್ತು ವರ್ಷಗಳು ಐವತ್ತಾದವು. 2002ರ ಸಂವಿಧಾನ ತಿದ್ದುಪಡಿಯಿಂದ ಶಿಕ್ಷಣವು ಮಗುವಿನ ಮೂಲಭೂತ ಹಕ್ಕಾಯಿತು. ಮಗುವಿಗೆ ಕಲಿಯುವ ಅವಕಾಶ ಮಾಡಿಕೊಡುವದು ತಾಯಿತಂದೆಗಳ ಕರ್ತವ್ಯವೆಂದು ಅದೇ ತಿದ್ದುಪಡಿಯು ಸಾರಿತು. 2009ರ ಕಾಯಿದೆಯು 2010ರ ಏಪ್ರಿಲ್ 1ರಿಂದ ಆಚರಣೆಗೆ ಬಂದಿತು. ಮಗುವನ್ನು ಶಾಲೆಗೆ ಸೇರಿಸುವದು ಪಾಲಕರ ಕೆಲಸವೆಂದು ಆ ಕಾಯಿದೆ ಹೇಳುತ್ತದೆ. ಸೇರಿಸದವರಿಗೆ ದಂಡ ಹಾಕುವದಿಲ್ಲ. ಇದು ಯುಕ್ತವೇ ಆಗಿದೆ. ಹಸಿದವನಿಗೆ ದಂಡ ಹಾಕಿ ಅಕ್ಷರ ಕಲಿಸಿದ ದೇಶವು ಎಲ್ಲಿಯೂ ಇಲ್ಲ.

ಹಸಿವಿಗೆ ತಕ್ಕ ಉತ್ತರವನ್ನು ಸರಕಾರವು ಸ್ವಲ್ಪಮಟ್ಟಿಗೆ ಕೊಟ್ಟಿದೆಯೆಂಬುದನ್ನು ಒಪ್ಪಲೇಬೇಕು. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಮೊದಲಾಗಿ ನಾಡಿಗೆಲ್ಲ ಹಬ್ಬಿದ ಅಕ್ಷರ ದಾಸೋಹವೂ 2013ರ ಕ್ಷೀರಭಾಗ್ಯವೂ ಎಷ್ಟೋ ಮಕ್ಕಳನ್ನು ಶಾಲೆಯ ಪಂಕ್ತಿಗೆ ಕರೆತಂದವು. ಆದರೂ ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಸುಗ್ಗಿಯಲ್ಲಿ ವರ್ಗಗಳು ಬರಿದಾಗುತ್ತವೆ. ರಾಯಚೂರು, ಯಾದಗಿರಿ, ಕಲಬುರ್ಗಿಯ ಸೀಮೆಯ ಕುಟುಂಬಗಳು ಮಕ್ಕಳು ಮರಿಗಳೊಡನೆ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತವೆ. ಹೆಸರು ಊರ ಶಾಲೆಯಲ್ಲಿ ಇರುವದು, ಹುಡುಗನು ಇಟ್ಟಂಗಿಯ ರಾಶಿಯ ಬದಿಗೆ ತಂಗಿಯನ್ನು ಆಡಿಸುತ್ತ ಕುಳಿತಿರುವನು. ಇಂಥ ತಂದೆಯನ್ನು ಮಾಸ್ತರರು ಕೇಳಿದರೆ ಬರುವ ಉತ್ತರ ಒಂದೇ: “ಸಾಲಿ ಕಲಿತು ಏನ್ ಮಾಡೋದೈತ್ರೀ?” ಈ ಮಾತಿನಲ್ಲಿ ಅಜ್ಞಾನವಿದೆಯೆಂದು ನಾವು ಬಗೆಯುವದು ತಪ್ಪು. ಆತನ ಅಣ್ಣನ ಮಗ ಏಳನೆಯ ಇಯತ್ತೆ ಮುಗಿಸಿಯೂ ಒಂದು ಅರ್ಜಿಯನ್ನು ಬರೆಯಲಾರದ್ದನ್ನು ಆತನು ಕಣ್ಣಾರೆ ಕಂಡಿದ್ದಾನೆ. ಆತನ ಪ್ರಶ್ನೆಯು ಶಾಲೆಯನ್ನು ಕುರಿತದ್ದೇ ಹೊರತು ವಿದ್ಯೆಯನ್ನು ಕುರಿತದ್ದಲ್ಲ.

ಇನ್ನು ಹಳದಿ ಬಸ್ಸಿನ ಕಡೆಗೆ ಬರೋಣ. ಖಾಸಗಿ ಇಂಗ್ಲಿಷು ಶಾಲೆಗೆ ಮಗುವನ್ನು ಕಳಿಸುವ ತಂದೆಯನ್ನು ನಾಡದ್ರೋಹಿಯೆಂದು ನಿಂದಿಸುವ ಲೇಖನಗಳು ಬೇಕಾದಷ್ಟು ಬಂದಿವೆ. ನಿಂದೆಯಿಂದ ಒಂದು ಮಗುವಾದರೂ ಹಿಂತಿರುಗಿ ಬಂದುದನ್ನು ನಾವು ಕಾಣೆವು. ಆ ತಂದೆಯು ಸಾಲ ಮಾಡಿ ಶುಲ್ಕ ಕೊಡುತ್ತಾನೆ. ತಾಯಿಯು ಕಿವಿಯ ಬೆಂಡೋಲೆಯನ್ನು ಒತ್ತೆಯಿಡುತ್ತಾಳೆ. ಅವರಿಗೆ ಬೇಕಾದದ್ದು ಮೂರು ಸಂಗತಿಗಳು: ವರ್ಗಕ್ಕೊಬ್ಬ ಶಿಕ್ಷಕನಿರಬೇಕು, ಶಿಕ್ಷಕನು ದಿನಾಲು ಬರಬೇಕು, ಮಗುವಿಗೆ ಇಂಗ್ಲಿಷು ಬರಬೇಕು. ಈ ಮೂರು ಅಪೇಕ್ಷೆಗಳಲ್ಲಿ ಯಾವುದೂ ಅನ್ಯಾಯದ್ದಲ್ಲ. ನ್ಯಾಯಾಧೀಶರ ತೀರ್ಪುಗಳು, ವೈದ್ಯರ ಚೀಟಿಗಳು, ದೊಡ್ಡ ನೌಕರಿಯ ಪರೀಕ್ಷೆಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುತ್ತಿರುವಾಗ, ಮಗನಿಗೆ ಮಾತ್ರ ಅದು ಬೇಡವೆನ್ನಲು ನಾವು ಯಾರು?

ಆದರೆ ಆ ತಂದೆಯು ಕೊಟ್ಟ ಹಣಕ್ಕೆ ಸರಿಯಾದ ಸರಕು ದೊರೆಯುತ್ತಿದೆಯೇ? ನೆರೆಯ ಆಂಧ್ರದ ಹಳ್ಳಿಗಳಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಯಿತು. ಸರಕಾರಿ ಶಾಲೆಯ ಮಕ್ಕಳಲ್ಲಿ ಚೀಟಿ ಎತ್ತಿ, ಹೆಸರು ಬಂದವರನ್ನು ವಿದ್ಯಾರ್ಥಿವೇತನದ ಮೇಲೆ ಖಾಸಗಿ ಶಾಲೆಗೆ ಕಳಿಸಿದರು. 2015ರಲ್ಲಿ ಪ್ರಕಟವಾದ ಅದರ ಫಲವೇನೆಂದರೆ: ನಾಲ್ಕು ವರ್ಷಗಳ ಬಳಿಕ ತೆಲುಗಿನಲ್ಲಿ, ಗಣಿತದಲ್ಲಿ, ಇಂಗ್ಲಿಷಿನಲ್ಲಿಯೂ ಸಹ ಎರಡು ಪಂಗಡಗಳಿಗೆ ಅಂತರ ಕಾಣಲಿಲ್ಲ; ಹಿಂದಿಯಲ್ಲಿ ಮಾತ್ರ ಖಾಸಗಿ ಶಾಲೆಯ ಮಕ್ಕಳು ಮುಂದಿದ್ದರು. ಖಾಸಗಿ ಶಾಲೆಯ ಹುಡುಗನು ಜಾಣನಾಗಿ ಕಾಣುವದು ಬಹುತರವಾಗಿ ಅವನ ಮನೆಯ ಅನುಕೂಲದಿಂದಲೇ ಹೊರತು ಶಾಲೆಯ ಮಹಿಮೆಯಿಂದಲ್ಲವೆಂದು ಇದರಿಂದ ತಿಳಿಯುವದು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಇಲ್ಲಿ ಪೂರ್ಣವಾಗಿ ಸಲ್ಲುತ್ತದೆ. ಆದರೆ ಅದೇ ಪರೀಕ್ಷೆಯ ಇನ್ನೊಂದು ಮಾತನ್ನು ಮರೆಮಾಚಿದರೆ ನಾವು ಅಪ್ರಾಮಾಣಿಕರಾಗುವೆವು: ಖಾಸಗಿ ಶಾಲೆಗಳು ಒಂದು ಮಗುವಿಗೆ ಮಾಡುತ್ತಿದ್ದ ವೆಚ್ಚವು ಸರಕಾರಿ ಶಾಲೆಯ ವೆಚ್ಚದ ಮೂರನೆಯ ಒಂದು ಪಾಲಿನಷ್ಟೇ ಇದ್ದಿತು. ಮೂರು ಪಟ್ಟು ವೆಚ್ಚ ಮಾಡಿಯೂ ಸಮಸಮವಾಗಿ ನಿಂತರೆ ಅದು ಸರಕಾರಕ್ಕೆ ಭೂಷಣವಲ್ಲ.

ಖಾಸಗಿ ಶಾಲೆಯೆಂದರೆ ಹಗೆ ಸಾಧಿಸಬೇಕೆಂಬುದು ನಮ್ಮ ಅಭಿಪ್ರಾಯವೂ ಅಲ್ಲ. ಮುಂಬಯಿ ಕರ್ನಾಟಕದ ಶಾಲೆಗಳಲ್ಲಿ ಮರಾಠಿಯು ಮೆರೆಯುತ್ತಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಸರಕಾರಿ ನೌಕರಿಯಲ್ಲಿದ್ದುಕೊಂಡೇ ಕನ್ನಡ ಶಾಲೆಗಳನ್ನು ನೆಲೆಗೊಳಿಸಲು ಜೀವ ತೇಯ್ದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. 1906ರಲ್ಲಿ ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವೂ, 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಸ್ಥಾಪಿಸಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯೂ ತಲೆಯೆತ್ತಿದವು. ಅಂದು ಸರಕಾರವು ಪರರದಾಗಿತ್ತು; ಖಾಸಗಿ ಎನಿಸಿಕೊಂಡ ಶಾಲೆಯು ನಿಜವಾಗಿ ಜನರದಾಗಿತ್ತು. ಮಠಗಳು ಅನ್ನ ಹಾಕಿದವು, ವ್ಯಾಪಾರಸ್ಥರು ಕಾಣಿಕೆ ಕೊಟ್ಟರು, ಶಿಕ್ಷಕರು ಅರೆಸಂಬಳಕ್ಕೆ ದುಡಿದರು. ಇಂದು ಸರಕಾರವು ನಮ್ಮದಾಗಿದೆ. ಸರಕಾರದ ಶಾಲೆಯನ್ನು ಮಾತ್ರ ಪರರದೆಂದು ಬಗೆಯುತ್ತಿದ್ದೇವೆ. ನಮ್ಮ ದೂರು ಈ ವಿಪರ್ಯಾಸವನ್ನು ಕುರಿತದ್ದು.

ಕರ್ನಾಟಕದ ಏಕೀಕರಣಕ್ಕಾಗಿ ಹೋರಾಡಿದವರ ಮನಸ್ಸಿನಲ್ಲಿ ಏನಿದ್ದಿತು? ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗುಗಳೆಂದು ಹರಿದು ಹಂಚಿಹೋಗಿದ್ದ ಕನ್ನಡಿಗನ ಮಗನು ಒಂದೆಡೆ ಮರಾಠಿಯನ್ನು, ಇನ್ನೊಂದೆಡೆ ಉರ್ದುವನ್ನು, ಮತ್ತೊಂದೆಡೆ ತೆಲುಗು ತಮಿಳುಗಳನ್ನು ದಾಟಿಕೊಂಡು ವಿದ್ಯೆಗೆ ಹೋಗಬೇಕಾಗಿದ್ದಿತು. ಆ ಮಗನು ತಾಯಿಯ ನುಡಿಯಲ್ಲಿ ನೆರೆಯವನೊಡನೆ ಒಂದೇ ಹಲಗೆಯ ಮೇಲೆ ಕುಳಿತು ಕಲಿಯಬೇಕೆಂಬುದೇ ಏಕೀಕರಣದ ಹುರುಳಾಗಿದ್ದಿತು. 1956ರ ನವೆಂಬರ್ 1ರಂದು ನಕಾಶೆಯು ಒಂದಾಯಿತು. 1973ರಲ್ಲಿ ಹೆಸರೂ ಬಂದಿತು. ಆದರೆ ಈಗ ಐದು ತುಂಡುಗಳಿಗೆ ಬದಲಾಗಿ ಒಂದೊಂದು ಊರೂ ತನ್ನೊಳಗೆ ಎರಡು ತುಂಡಾಗುತ್ತ ನಡೆದಿದೆ. ಗೌಡನ ಮೊಮ್ಮಗನಿಗೂ ಆತನ ಹೊಲದ ಆಳಿನ ಮೊಮ್ಮಗನಿಗೂ ಈಗ ಒಂದೇ ಶಾಲೆಯಿಲ್ಲ, ಒಂದೇ ಪುಸ್ತಕವಿಲ್ಲ, ನಾಳೆ ಒಂದೇ ಮಾತೂ ಇರಲಾರದು. ಇತ್ತ ಕಾಸರಗೋಡಿನ ಕನ್ನಡಿಗರನ್ನು ನೋಡಿರಿ. 1956ರಲ್ಲಿ ಅವರು ನಮ್ಮಿಂದ ಹೊರಗುಳಿದರು. 2017ರಲ್ಲಿ ಕೇರಳ ಸರಕಾರವು ಎಲ್ಲ ಶಾಲೆಗಳಲ್ಲಿಯೂ ಮಲಯಾಳವನ್ನು ಕಡ್ಡಾಯ ಮಾಡಹೊರಟಾಗ ತಮ್ಮ ಮಕ್ಕಳ ಕನ್ನಡಕ್ಕಾಗಿ ಬೀದಿಗಿಳಿದರು. ಜತ್ತ, ಅಕ್ಕಲಕೋಟೆಗಳ ಹಳ್ಳಿಗಳಲ್ಲಿ ಮಹಾರಾಷ್ಟ್ರದ ಆಡಳಿತದ ಕೆಳಗೆ ಕನ್ನಡ ಶಾಲೆಗಳು ನಡೆದಿವೆ. ಗಡಿಯಾಚೆಯವರು ಹಿಡಿದುಕೊಂಡಿರುವದನ್ನು ನಡುನಾಡಿನವರು ಕೈಬಿಡುತ್ತಿದ್ದೇವೆ.

ಕಾನೂನಿನ ಬಲದಿಂದ ಇದನ್ನು ಸರಿಪಡಿಸಬಹುದೆಂಬ ಆಸೆಯು ಈಗ ಉಳಿದಿಲ್ಲ. ಸರಕಾರವು 1994ರಲ್ಲಿ ಹೊರಡಿಸಿದ ಭಾಷಾನೀತಿಯ ಆಜ್ಞೆಯು ಇಪ್ಪತ್ತು ವರ್ಷ ನ್ಯಾಯಾಲಯಗಳಲ್ಲಿ ಅಲೆದು, 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತಿತು. ಪ್ರಾಥಮಿಕ ಹಂತದಲ್ಲಿ ಮಾಧ್ಯಮವನ್ನು ಆರಿಸುವ ಸ್ವಾತಂತ್ರ್ಯವು ಮಗುವಿನ ಪರವಾಗಿ ಪಾಲಕರದೆಂದು ತೀರ್ಮಾನವಾಯಿತು. ಅಂದಮೇಲೆ ಉಳಿದ ದಾರಿ ಒಂದೇ: ಪಾಲಕರು ತಾವಾಗಿಯೇ ಆರಿಸಿಕೊಳ್ಳುವಂಥ ಕನ್ನಡ ಶಾಲೆಯನ್ನು ಕಟ್ಟಬೇಕು.

ಸರಕಾರವು ಈ ದಾರಿಯಲ್ಲಿ ಹಿಂದುಮುಂದಾಗಿ ನಡೆದಿದೆ. 2009ರ ಕಾಯಿದೆಯ ಪ್ರಕಾರ ಖಾಸಗಿ ಶಾಲೆಗಳ ನೂರಕ್ಕೆ 25 ಸ್ಥಾನಗಳನ್ನು ಬಡವರಿಗೆ ಕೊಡಿಸುವ ನೆವದಲ್ಲಿ, ಸರಕಾರಿ ಶಾಲೆ ಬದಿಗೇ ಇರುವ ಮಕ್ಕಳನ್ನೂ ತನ್ನ ಬೊಕ್ಕಸದ ಹಣ ತೆತ್ತು ಖಾಸಗಿ ಶಾಲೆಗೆ ಸಾಗಿಸಿತು. 2018ರ ಕೊನೆಗೆ ನಿಯಮವನ್ನು ತಿದ್ದಿ ಎಚ್ಚತ್ತುಕೊಂಡಿತು. 2019ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷು ಮಾಧ್ಯಮದ ವರ್ಗಗಳನ್ನು ತೆರೆಯಹೊರಟಿತು. ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸುವದು ಬೇರೆ, ಎಲ್ಲ ವಿಷಯಗಳನ್ನೂ ಇಂಗ್ಲಿಷಿನಲ್ಲಿಯೇ ಕಲಿಸುವದು ಬೇರೆ. 2007ರಿಂದ ಒಂದನೆಯ ಇಯತ್ತೆಯಿಂದಲೇ ಇಂಗ್ಲಿಷು ಒಂದು ಪಾಠವಾಗಿ ಬಂದಿದೆ. ಅದನ್ನು ಕಲಿಸಬಲ್ಲ ಮಾಸ್ತರರನ್ನು ಸಿದ್ಧಪಡಿಸಿದ್ದರೆ ಮಾಧ್ಯಮದ ಕೂಗು ಅರ್ಧ ಅಡಗುತ್ತಿದ್ದಿತು. ಅರುವತ್ತು ಮಕ್ಕಳವರೆಗಿನ ಶಾಲೆಗೂ ಇಬ್ಬರು ಶಿಕ್ಷಕರಿರಬೇಕೆಂದು ಕಾಯಿದೆಯು ಸ್ಪಷ್ಟವಾಗಿ ಹೇಳಿದರೂ ಒಬ್ಬರೇ ಮಾಸ್ತರರು ಐದು ಇಯತ್ತೆಗಳನ್ನು ಎಳೆಯುವ ಶಾಲೆಗಳು ಇನ್ನೂ ಇವೆ. ಆ ಒಬ್ಬರು ಸಭೆಗೆಂದು ತಾಲೂಕಿಗೆ ಹೋದ ದಿನ ಶಾಲೆಯೇ ಇಲ್ಲ.

ಪಾಲಕರು ಸರಕಾರಿ ಶಾಲೆಯನ್ನು ಸರ್ವಥಾ ತೊರೆದುಬಿಟ್ಟಿದ್ದಾರೆಂಬುದೂ ನಿಜವಲ್ಲ. ಮಹಾಮಾರಿಯ ವರ್ಷಗಳಲ್ಲಿ ಅವರು ಗುಂಪುಗುಂಪಾಗಿ ಹಿಂತಿರುಗಿದರು. ಭಾರತದ ಹಳ್ಳಿಗಳಲ್ಲಿ ನಡೆಯುತ್ತ ಬಂದ ಅಸರ್ ಸಮೀಕ್ಷೆಯಂತೆ, ಆರರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ ಸರಕಾರಿ ಶಾಲೆಯಲ್ಲಿದ್ದವರು 2018ರಲ್ಲಿ ನೂರಕ್ಕೆ 65.6, 2022ರಲ್ಲಿ 72.9, 2024ರಲ್ಲಿ ಮತ್ತೆ 66.8. ಬಾಗಿಲ ತನಕ ಬಂದ ಅತಿಥಿಯನ್ನು ಮಣೆ ಹಾಕಿ ಕೂಡ್ರಿಸದೆ ಹಿಂದಕ್ಕೆ ಕಳಿಸಿದಂತಾಯಿತು. ಈ ಕಳೆದುಹೋದ ಅವಕಾಶಕ್ಕೆ ಪಾಲಕರನ್ನು ಹೊಣೆಗಾರರನ್ನಾಗಿ ಮಾಡಲಾಗದು.

ಅಸ್ತು. ಸರಕಾರದ ತಪ್ಪನ್ನು ಹೇಳುವದು ಸುಲಭ; ನಮ್ಮ ತಪ್ಪನ್ನು ಹೇಳುವದು ಕಠಿಣ. ಕನ್ನಡ ಶಾಲೆಯ ಪರವಾಗಿ ನಿರ್ಣಯ ಮಾಡುವ ಸಭೆಗಳಲ್ಲಿ ಕೈಯೆತ್ತುವವರ ಮಕ್ಕಳು ಎಲ್ಲಿ ಕಲಿಯುತ್ತಾರೆ? ಸರಕಾರಿ ಶಾಲೆಯ ಸಂಬಳ ಉಣ್ಣುವ ಎಷ್ಟೋ ಜನ ಮಾಸ್ತರರು ತಮ್ಮ ಮಕ್ಕಳನ್ನು ಪಟ್ಟಣದ ಖಾಸಗಿ ಶಾಲೆಗೆ ಕಳಿಸುತ್ತಾರೆ. ಪತ್ರಿಕೆ ನಡೆಸುವವರೂ ಇದಕ್ಕೆ ಹೊರತಲ್ಲ. ಪುರಾಣ ಹೇಳಿ ಬದನೆಕಾಯಿ ತಿನ್ನುವವರ ಮಾತನ್ನು ಊರವರು ಏಕೆ ಕೇಳಬೇಕು? ತಾನು ಅಟ್ಟ ಅಡಿಗೆಯನ್ನು ತಾನೇ ಉಣ್ಣದ ಅಡಿಗೆಯವನ ಪಂಕ್ತಿಗೆ ಯಾರು ಕುಳಿತುಕೊಳ್ಳುವರು? 2015ರಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯವು, ಸರಕಾರದ ಬೊಕ್ಕಸದಿಂದ ಸಂಬಳ ಪಡೆಯುವವರೂ ಜನಪ್ರತಿನಿಧಿಗಳೂ ತಮ್ಮ ಮಕ್ಕಳನ್ನು ಸರಕಾರಿ ಶಾಲೆಗೇ ಕಳಿಸಬೇಕೆಂದು ಹೇಳಿತ್ತು. ನ್ಯಾಯಾಲಯದಿಂದ ಹೇಳಿಸಿಕೊಳ್ಳುವ ತನಕ ನಾವು ಕಾಯಬೇಕಾಗಿಲ್ಲ.

ಆದುದರಿಂದ ನಮ್ಮ ವಾಚಕರಲ್ಲಿ, ವಿಶೇಷವಾಗಿ ಶಿಕ್ಷಕ ಬಂಧುಗಳಲ್ಲಿ, ನಮ್ಮ ಬಿನ್ನಹವಿಷ್ಟೆ. ಪ್ರತಿ ಊರಿನಲ್ಲಿ ಓದುಬರಹ ಬಲ್ಲ ಹತ್ತು ಕುಟುಂಬಗಳು ಕೂಡಿ ತಮ್ಮ ಮಕ್ಕಳನ್ನು ಒಂದೇ ವರ್ಷ, ಒಟ್ಟಿಗೇ ಕನ್ನಡ ಶಾಲೆಗೆ ಸೇರಿಸಲಿ. ಒಬ್ಬನೇ ಸೇರಿಸಿದರೆ ಅದು ತ್ಯಾಗವೆನಿಸುವದು. ಹತ್ತು ಜನ ಕೂಡಿ ಸೇರಿಸಿದರೆ ಶಾಲೆಯೇ ಬದಲಾಗುವದು. ಹಾಗೆ ಸೇರಿಸಲಾರದವರು, 2001ರಿಂದ ಪ್ರತಿ ಶಾಲೆಗೂ ಇರುವ ಶಾಲಾಭಿವೃದ್ಧಿ ಮಂಡಳಿಯ ಸಭೆಗಾದರೂ ಹೋಗಿ, ಮಾಸ್ತರರು ಎಷ್ಟು ಜನ ಇರಬೇಕು, ಎಷ್ಟು ಜನ ಇದ್ದಾರೆ, ನಿನ್ನೆ ಯಾವ ಮಗು ಬಂದಿಲ್ಲ, ಏಕೆ ಬಂದಿಲ್ಲ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಲಿ. ಮಾಸ್ತರರು ಗುಳೆ ಹೋಗುವ ಕುಟುಂಬಗಳ ಪಟ್ಟಿಯನ್ನು ಸುಗ್ಗಿಗೆ ಮುಂಚೆಯೇ ಮಾಡಿ, ಮಗುವನ್ನು ಅಜ್ಜಿಯ ಬಳಿ ಬಿಟ್ಟುಹೋಗುವಂತೆ ಒಡಂಬಡಿಸಲಿ. ಇಲ್ಲವೆ ಹೋದ ಊರಿನ ಶಾಲೆಗೆ ಒಂದು ಕಾಗದ ಬರೆದುಕೊಡಲಿ. ಸರಕಾರವು ಇನ್ನೊಂದು ಹೊಸ ಯೋಜನೆಗೆ ಹೆಸರಿಡುವ ಮೊದಲು ಒಬ್ಬರೇ ಮಾಸ್ತರರಿರುವ ಶಾಲೆಗಳಿಗೆ ಎರಡನೆಯವರನ್ನು ಕಳಿಸಲಿ. ಊರ ಅಗಸಿಯಲ್ಲಿ ಮೂರಾಗಿ ಒಡೆಯುವ ದಾರಿಗಳು ಒಂದಾಗದೆ ಹೋದರೆ 1956ರಲ್ಲಿ ನಾವು ಕೂಡಿಸಿದ್ದು ಕೇವಲ ಜಿಲ್ಲೆಗಳನ್ನೇ ಎಂದು ಮುಂದಿನವರು ಲೆಕ್ಕ ಹಾಕುವರು.