ಮೊದಲ ಮಳೆಗೆ ಆತುರ ಬೇಡ

2014ರ ಜನವರಿಯಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಬಿದ್ದದ್ದು ಎರಡೂವರೆ ಇಂಚಿನಷ್ಟು ಹಿಮ. ಆದರೂ ಸಾವಿರಾರು ಮಂದಿ ಇಡೀ ರಾತ್ರಿ ರಸ್ತೆಯಲ್ಲೇ ಸಿಲುಕಿದರು. ಹಿಮದಲ್ಲಿ ಓಡಿಸಿ ಅಭ್ಯಾಸವಿಲ್ಲದ ಊರು, ಎಲ್ಲರೂ ಒಂದೇ ಹೊತ್ತಿಗೆ ಮನೆಗೆ ಹೊರಟಿದ್ದರು.

ಬೆಂಗಳೂರಿನಲ್ಲಿ ಹಿಮ ಬೀಳುವುದಿಲ್ಲ. ಆದರೆ ಜೆ.ಪಿ. ನಗರದಿಂದ ಬಿಟಿಎಂ ಲೇಔಟ್‌ಗೆ ದಿನವೂ ಸ್ಕೂಟರ್‌ನಲ್ಲಿ ಓಡಾಡುವ ನನಗೆ ಬೇಸಿಗೆಯ ಮೊದಲ ಮಳೆಯೂ ಹಾಗೆಯೇ ಕಾಣುತ್ತದೆ. ತಿಂಗಳುಗಟ್ಟಲೆ ರಸ್ತೆಯ ಮೇಲೆ ಕೂತ ಎಣ್ಣೆ, ದೂಳು ಮೊದಲ ಹನಿಗಳ ಜೊತೆ ಬೆರೆತು ಜಾರುತ್ತವೆ. ನೀರು ನಿಂತರಂತೂ ಗುಂಡಿ ಯಾವುದು, ರಸ್ತೆ ಯಾವುದು ತಿಳಿಯದು. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ, ಆಗಷ್ಟೇ ಬದುಕು ಕಟ್ಟಿಕೊಳ್ಳುತ್ತಿದ್ದ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ಪ್ರಾಣ ಕಳೆದುಕೊಂಡರು. ಒಂದು ಅಡಿ ಆಳದ ಹರಿಯುವ ನೀರು ಸಣ್ಣ ಕಾರನ್ನು ತೇಲಿಸಬಲ್ಲದು.

ಲೈಸೆನ್ಸ್‌ಗಾಗಿ ನಾವು ಒಣ ನೆಲದಲ್ಲಿ ಎಂಟು ಹಾಕಿ ತೋರಿಸುತ್ತೇವೆ. ಒದ್ದೆ ರಸ್ತೆಯ ಪಾಠ ನಾವೇ ಕಲಿಯಬೇಕು. ವೇಗ ತಗ್ಗಿಸಿ, ಮುಂದಿನ ವಾಹನದಿಂದ ದುಪ್ಪಟ್ಟು ದೂರ ಬಿಡಿ, ಎರಡೂ ಬ್ರೇಕ್ ಮೆಲ್ಲಗೆ ಒತ್ತಿ. ಅಂಡರ್‌ಪಾಸ್‌ನಲ್ಲಿ ನೀರು ಕಂಡರೆ ವಾಪಸ್ ತಿರುಗಿ. ಸಾಧ್ಯವಾದರೆ ಮೆಟ್ರೊ ಹತ್ತಿ. 2025ರ ಆಗಸ್ಟ್‌ನಿಂದ ಹಳದಿ ಮಾರ್ಗ ಬಿಟಿಎಂ ಲೇಔಟ್, ಸಿಲ್ಕ್ ಬೋರ್ಡ್ ಮೂಲಕ ಓಡುತ್ತಿದೆ.

ಇಂಟರ್‌ವ್ಯೂ ತಪ್ಪೀತು, ಡೆಲಿವರಿ ತಡವಾದರೆ ರೇಟಿಂಗ್ ಬಿದ್ದೀತು ಎಂಬ ಭಯ ನಮ್ಮನ್ನು ಮಳೆಗೆ ನೂಕುತ್ತದೆ. ಕೆಲಸ ಕೊಡುವವರು ಮಳೆಯ ದಿನ ಅರ್ಧ ಗಂಟೆ ವಿನಾಯಿತಿ ಕೊಟ್ಟರೆ ಅವರಿಗೇನೂ ನಷ್ಟವಿಲ್ಲ. ಅಲ್ಲಿಯವರೆಗೆ ಗೆಳೆಯರೇ, ಬಸ್ ಸ್ಟಾಪಿನಲ್ಲಿ ನಿಂತು ಒಂದು ಫೋನ್ ಮಾಡಿ, ತಡವಾಗುತ್ತದೆ ಎಂದು ಧೈರ್ಯವಾಗಿ ಹೇಳಿ. ಇನ್ನೊಂದು ಇಂಟರ್‌ವ್ಯೂ ಸಿಕ್ಕೇ ಸಿಗುತ್ತದೆ.