ಮುಂದಿನ ವರ್ಶನ್ ಬರಲಿ, ಕೈಯಲ್ಲಿರುವ ಲ್ಯಾಪ್‌ಟಾಪ್ ಏನಾಗಬೇಕು?

2011ರ ಸೆಪ್ಟಂಬರ್‌ನಲ್ಲಿ ತಮಿಳುನಾಡಿನ ಜಯಲಲಿತಾ ಸರಕಾರ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡಲು ಶುರು ಮಾಡಿತು. ಸೇಲಂ, ಧರ್ಮಪುರಿಯಂತಹ ಜಿಲ್ಲೆಗಳ ಎಷ್ಟೋ ಬಡ ಮನೆಗಳಿಗೆ ಅದೇ ಮೊದಲ ಕಂಪ್ಯೂಟರ್. ಆ ಹಳೆಯ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಏರುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇತ್ತ ಯೂಟ್ಯೂಬ್ ತೆರೆದರೆ ವಿಂಡೋಸ್ 12ರದ್ದೇ ಮಾತು.

ಇಂತಹ ಮಾತುಗಳನ್ನು ಎಷ್ಟು ನಂಬಬಹುದು? ವಿಂಡೋಸ್ 10 ‘ಕೊನೆಯ ವಿಂಡೋಸ್’ ಎಂದು 2015ರಲ್ಲಿ ಮೈಕ್ರೋಸಾಫ್ಟ್‌ನ ಉದ್ಯೋಗಿಯೊಬ್ಬರೇ ವೇದಿಕೆಯಲ್ಲಿ ಹೇಳಿದ್ದರು. ಆರೇ ವರ್ಷದಲ್ಲಿ 11 ಬಂತು. ಕೃತಕ ಬುದ್ಧಿಮತ್ತೆಯ ಕತೆಯೂ ಹಾಗೆಯೇ. 2025ರ ಆಗಸ್ಟ್‌ನಲ್ಲಿ ಭಾರೀ ಪ್ರಚಾರದೊಂದಿಗೆ ಜಿಪಿಟಿ-5 ಬಂದಾಗ, ಬಳಕೆದಾರರು ಹಳೆಯದೇ ಬೇಕೆಂದು ಗಲಾಟೆ ಮಾಡಿದರು. ಓಪನ್ ಎಐ ಹಣ ಕೊಡುವ ಗ್ರಾಹಕರಿಗೆ ಜಿಪಿಟಿ-4ಒ ಅನ್ನು ವಾಪಸ್ ಕೊಡಬೇಕಾಯಿತು.

ಹಾಗಂತ ಹಳೆಯದನ್ನು ಇದ್ದ ಹಾಗೆಯೇ ಇಟ್ಟುಕೊಂಡರೂ ಆಗದು. ಸೆಕ್ಯುರಿಟಿ ಅಪ್‌ಡೇಟ್ ನಿಂತ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಅಪಾಯ. ಇದಕ್ಕೆ ದಾರಿ ತಮಿಳುನಾಡಿನಲ್ಲೇ ಇದೆ. 2014ರ ಎಪ್ರಿಲ್‌ಗೆ ವಿಂಡೋಸ್ ಎಕ್ಸ್‌ಪಿಯ ಬೆಂಬಲ ಮುಗಿಯಲಿದೆ ಎಂದಾಗ, ಅಲ್ಲಿನ ಸರಕಾರ ಹೊಸ ವಿಂಡೋಸ್‌ಗಾಗಿ ಕಾಯಲಿಲ್ಲ. ಬಾಸ್ ಲಿನಕ್ಸ್ ಹಾಕಿಕೊಳ್ಳಿ ಎಂದು 2013ರಲ್ಲೇ ಇಲಾಖೆಗಳಿಗೆ ಸೂಚಿಸಿತು. ಸಿ-ಡ್ಯಾಕ್ ತಯಾರಿಸಿದ ಇದು ಉಚಿತ. ಹಗುರವಾದ ಬೇರೆ ಲಿನಕ್ಸ್‌ಗಳೂ ಇವೆ. ಲಿಬ್ರೆ ಆಫೀಸ್‌ನಲ್ಲಿ ಲೆಕ್ಕಪತ್ರ, ಅರ್ಜಿ, ಬಯೋಡೇಟಾ ಎಲ್ಲವೂ ಆಗುತ್ತದೆ. ಕನ್ನಡ, ತಮಿಳು ಯೂನಿಕೋಡ್ ಟೈಪಿಂಗೂ ಸಲೀಸು. ತೊಡಕೂ ಇದೆ ಅನ್ನಿ: ಟ್ಯಾಲಿಯಂತಹ ಕೆಲವು ತಂತ್ರಾಂಶಗಳಿಗೆ ವಿಂಡೋಸೇ ಬೇಕು. ಪ್ರಿಂಟರ್ ಕೂಡ ಒಮ್ಮೊಮ್ಮೆ ಸತಾಯಿಸುತ್ತದೆ.

ಸೇಲಂ ಸಾಬುದಾನ, ಬೆಳ್ಳಿ ಕಾಲ್ಗೆಜ್ಜೆಗೆ ಹೆಸರಾದ ಊರು. ಅಲ್ಲಿನ ಸಾಬುದಾನ ಮಿಲ್ಲಿನಲ್ಲಾಗಲಿ ಮಂಗಳೂರಿನ ಬಂದರಿನ ಸಗಟು ಅಂಗಡಿಯಲ್ಲಾಗಲಿ, ಲೆಕ್ಕ ಬರೆಯುವ ಹುಡುಗನಿಗೆ ಸ್ಪ್ರೆಡ್‌ಶೀಟ್‌ನಲ್ಲಿ ಸ್ಟಾಕ್ ಹೊಂದಿಸಲು ಬರುತ್ತದಾ, ಜಿಎಸ್‌ಟಿ ರಿಟರ್ನ್ ತಪ್ಪಿಲ್ಲದೆ ತುಂಬಲು ಬರುತ್ತದಾ ಎಂದು ಕೇಳುತ್ತಾರೆ. ಯಾವ ವರ್ಶನ್ ಎಂದು ಯಾರೂ ಕೇಳುವುದಿಲ್ಲ. ಒಂದರಲ್ಲಿ ಕಲಿತ ಕೂಡಿಸುವ, ಸೋಸುವ, ಹುಡುಕುವ ಸೂತ್ರಗಳು ಇನ್ನೊಂದರಲ್ಲೂ ಹೆಚ್ಚೂಕಡಿಮೆ ಹಾಗೆಯೇ ಇರುತ್ತವೆ.

20 ಲಕ್ಷ ಕಾಲೇಜು ವಿದ್ಯಾರ್ಥಿಗಳಿಗೆ ಎರಡು ವರ್ಷಗಳಲ್ಲಿ ಲ್ಯಾಪ್‌ಟಾಪ್ ಅಥವಾ ಟ್ಯಾಬ್ ಕೊಡುವುದಾಗಿ ತಮಿಳುನಾಡು ತನ್ನ 2025ರ ಬಜೆಟ್‌ನಲ್ಲಿ ಘೋಷಿಸಿತು. ಒಳ್ಳೆಯದೇ. ಆದರೆ ಅಕ್ಕನಿಗೆ ಸಿಕ್ಕ ಹಳೆಯದು ಕಪಾಟಿನಲ್ಲಿದ್ದರೆ, ತಂಗಿ ಅದರಲ್ಲಿ ಲಿನಕ್ಸ್ ಹಾಕಿ ಈ ರಜೆಯಲ್ಲೇ ಕೈ ಪಳಗಿಸಿಕೊಳ್ಳಬಹುದು. ಪೆನ್‌ಡ್ರೈವ್ ಒಂದಿದ್ದರೆ ಸಾಕು.