ಚೀಟಿಯಲ್ಲಿ ಕಾಯಿಲೆಯ ಹೆಸರು ಬರೆಯಿರಿ

ಆರೋಗ್ಯ ಇಲಾಖೆಯ ಹಿರಿಯ ಅಧಿಕಾರಿಗಳಿಗೆ ಮತ್ತು ಔಷಧ ಮಾರಾಟದ ಮೇಲೆ ಕಣ್ಣಿಡಬೇಕಾದವರಿಗೆ,

ವಿಷಯ: ರೋಗ ಯಾವುದೆಂದು ಗೊತ್ತುಮಾಡದೆ ಮಕ್ಕಳ ಮೈಗೆ ಮುಲಾಮು ಬರೆದುಕೊಡುತ್ತಿರುವ ಬಗ್ಗೆ

ಮಾನ್ಯರೆ,

ನನ್ನ ಮಗಳಿಗೆ ಈಗ ಮೂರೂವರೆ ವರ್ಷ. ಮೈಮೇಲಿನ ತುರಿಕೆ ಶುರುವಾದದ್ದು ಅವಳು ಇನ್ನೂ ಗೋಡೆ ಹಿಡಿದು ನಿಲ್ಲುತ್ತಿದ್ದಾಗ. ಅಂದಿನಿಂದ ಅದನ್ನು ಒಬ್ಬರು ಕಜ್ಜಿ ಎಂದರು, ಒಬ್ಬರು ಹುಳುಕಡ್ಡಿ ಎಂದರು, ಇಸುಬು ಎಂದವರಿದ್ದಾರೆ, ಅಲರ್ಜಿ ಎಂದವರಿದ್ದಾರೆ, ಬರೀ ‘ಹೀಟು’ ಎಂದು ಕಳಿಸಿದವರೂ ಇದ್ದಾರೆ. ಎಲ್ಲವೂ ಬಾಯಿಮಾತು. ಮನೆಯಲ್ಲಿ ಒಂದು ಕ್ಯಾರಿಬ್ಯಾಗಿನ ತುಂಬ ಚೀಟಿಗಳಿವೆ. ಅವುಗಳಲ್ಲಿ ಮುಲಾಮಿನ ಹೆಸರಿದೆ, ದಿನಕ್ಕೆ ಎಷ್ಟು ಸಲ ಹಚ್ಚಬೇಕೆಂದಿದೆ. ಕಾಯಿಲೆ ಯಾವುದೆಂದು ಒಂದರಲ್ಲೂ ಇಲ್ಲ. ನನ್ನ ದೂರು ಇಷ್ಟೇ, ಆದರೆ ಈ ಇಷ್ಟರಿಂದ ಏನೇನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಅಂಗನವಾಡಿಯವರು ಮಗುವನ್ನು ಸದ್ಯಕ್ಕೆ ಮನೆಯಲ್ಲೇ ಇಟ್ಟುಕೊಳ್ಳಿ ಅಂದರು. ಆ ಕಾರ್ಯಕರ್ತೆಯನ್ನು ನಾನು ದೂರಲಾರೆ. ‘ಅಕ್ಕ, ಇದು ಬೇರೆ ಮಕ್ಕಳಿಗೆ ಅಂಟೋದಿಲ್ಲ ಅಂತ ಡಾಕ್ಟರ ಹತ್ರ ಬರೆಸಿಕೊಂಡು ಬನ್ನಿ, ನಾಳೆಯಿಂದಲೇ ಕೂರಿಸಿಕೊಳ್ತೀನಿ’ ಎಂದಳು. ನ್ಯಾಯವಾದ ಮಾತು. ಕಜ್ಜಿಯಾದರೆ ಅಂಟುತ್ತದೆ, ಹುಳುಕಡ್ಡಿಯೂ ಅಂಟುತ್ತದೆ, ಇಸುಬು ಅಂಟುವುದಿಲ್ಲ. ಹಾಗೆ ಬರೆದುಕೊಡಿ ಎಂದು ಕೇಳಿದಾಗಲೆಲ್ಲ ಸಿಕ್ಕಿದ್ದು ಇನ್ನೊಂದು ಟ್ಯೂಬು.

ರಾತ್ರಿಯ ಮಾತು ಬೇರೆಯೇ. ಹಗಲಿನಲ್ಲಿ ಆಟದ ಗುಂಗಿನಲ್ಲಿ ಮರೆತಿರುತ್ತಾಳೆ. ದೀಪ ಆರಿಸಿ ಹೊದಿಕೆ ಬೆಚ್ಚಗಾದ ಕೂಡಲೇ ಮಂಡಿಯ ಹಿಂದೆ, ಮೊಣಕೈ ಮಡಿಕೆಯಲ್ಲಿ, ಸೊಂಟದ ಸುತ್ತ ಕೆರೆತ ಶುರು. ಉಗುರು ಕತ್ತರಿಸುತ್ತೇವೆ, ಕೈಗೆ ಕಾಲುಚೀಲ ಹಾಕುತ್ತೇವೆ. ಅವಳು ಅದನ್ನು ಹಲ್ಲಿನಲ್ಲಿ ಕಚ್ಚಿ ಎಳೆದುಹಾಕಿ ಮತ್ತೆ ಕೆರೆಯುತ್ತಾಳೆ. ಬೆಳಿಗ್ಗೆ ಹಾಸಿಗೆ ಬಟ್ಟೆಯ ಮೇಲೆ ರಕ್ತದ ಚುಕ್ಕೆ. ನಾನೂ ನಮ್ಮ ಯಜಮಾನರೂ ಪಾಳಿಯ ಮೇಲೆ ಎಚ್ಚರವಿರುತ್ತೇವೆ. ರಾತ್ರಿ ತುರಿಕೆ ಹೆಚ್ಚು ಅಂದರೆ ಕಜ್ಜಿಯೇ ಎಂದು ಒಬ್ಬ ವೈದ್ಯರು ತಟ್ಟನೆ ಹೇಳಿದ್ದರು. ಇಸುಬಿನ ತುರಿಕೆಯೂ ರಾತ್ರಿಯೇ ಕೆರಳುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಹೆಸರು ಯಾವುದಾದರೇನು, ವಾಸಿಯಾದರೆ ಸಾಕಲ್ಲ ಎನ್ನುವವರಿಗೆ ಒಂದು ಮಾತು. ಕಜ್ಜಿ, ಹುಳುಕಡ್ಡಿ, ಇಸುಬು ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಕಜ್ಜಿಯಾದರೆ ಶೇಕಡ 5ರ ಪರ್ಮೆಥ್ರಿನ್ ಮುಲಾಮನ್ನು ರಾತ್ರಿ ಮೈತುಂಬ ಹಚ್ಚಿ ಬೆಳಿಗ್ಗೆ ತೊಳೆಯಬೇಕು, ವಾರ ಬಿಟ್ಟು ಮತ್ತೊಮ್ಮೆ ಹಚ್ಚಬೇಕು. ಮುಖ್ಯವಾಗಿ, ತುರಿಕೆ ಇರಲಿ ಬಿಡಲಿ, ಮನೆಮಂದಿಯೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ಬಟ್ಟೆ, ಹಾಸಿಗೆ ಬಿಸಿನೀರಿನಲ್ಲಿ ಒಗೆಯಬೇಕು. ನಮಗೆ ಬರೆದುಕೊಟ್ಟದ್ದು ಮಗುವಿಗೆ ಮಾತ್ರ, ಒಂದೇ ಒಂದು ಸಣ್ಣ ಟ್ಯೂಬು. ಅದು ಕಜ್ಜಿಯೇ ಆಗಿದ್ದರೂ ವಾಸಿಯಾಗುವ ಚಿಕಿತ್ಸೆಯಲ್ಲ. ಇಸುಬಾದರೆ ಚರ್ಮದ ಪಸೆ ಆರದಂತೆ ನೋಡಿಕೊಳ್ಳುವುದು, ಕೆರಳಿದಾಗ ಸೌಮ್ಯ ಸ್ಟೀರಾಯ್ಡನ್ನು ಅಳತೆಯಿಟ್ಟು ಕೆಲವು ದಿನ ಹಚ್ಚುವುದು. ಹುಳುಕಡ್ಡಿಗೆ ಅದೇ ಸ್ಟೀರಾಯ್ಡು ಹಚ್ಚಿದರೆ ಮೊದಲು ಕೆಂಪು ಇಳಿದು ಗುಣವಾದಂತೆ ಕಾಣುತ್ತದೆ, ಒಳಗೊಳಗೇ ಶಿಲೀಂಧ್ರ ಹಬ್ಬುತ್ತದೆ.

ಸ್ಟೀರಾಯ್ಡು ಅಂದರೆ ವಿಷ ಎಂದು ನಾನು ಹೇಳುತ್ತಿಲ್ಲ. ತಿಳಿದವರ ಕೈಯಲ್ಲಿ ಅದು ಒಳ್ಳೆಯ ಔಷಧವೇ. ನನ್ನ ತಕರಾರು ಮೂರು ನಾಲ್ಕು ಔಷಧ ಬೆರೆಸಿದ ಟ್ಯೂಬುಗಳ ಬಗ್ಗೆ: ಶಿಲೀಂಧ್ರಕ್ಕೊಂದು, ಬ್ಯಾಕ್ಟೀರಿಯಾಕ್ಕೊಂದು, ಜೊತೆಗೆ ಕ್ಲೋಬೆಟಸಾಲ್. ಯಾವುದಾದರೂ ಒಂದು ತಗಲೀತು ಎಂದು ಕತ್ತಲಲ್ಲಿ ಕಲ್ಲೆಸೆಯುವ ಲೆಕ್ಕ. ಕ್ಲೋಬೆಟಸಾಲ್ ಹಚ್ಚುವ ಸ್ಟೀರಾಯ್ಡುಗಳಲ್ಲಿ ಅತಿ ಪ್ರಬಲ ವರ್ಗದ್ದು. 12 ವರ್ಷದೊಳಗಿನ ಮಕ್ಕಳಿಗೆ ಅದು ಸಲ್ಲದು ಎಂಬ ಎಚ್ಚರಿಕೆ ಇದೆ. ಮಕ್ಕಳ ಚರ್ಮ ತೆಳು, ತೂಕಕ್ಕೆ ಹೋಲಿಸಿದರೆ ಮೈಯ ಹರವು ದೊಡ್ಡದು, ಹಾಗಾಗಿ ಹಚ್ಚಿದ್ದು ರಕ್ತಕ್ಕೆ ಇಳಿಯುವುದೂ ಹೆಚ್ಚು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತಾಗುತ್ತದೆ, ಗೀರುಗಳು ಬೀಳುತ್ತವೆ, ಮಗುವಿನ ಬೆಳವಣಿಗೆಗೇ ಪೆಟ್ಟು ಬೀಳಬಹುದು. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇಂಥ ಸ್ಟೀರಾಯ್ಡು ಮುಲಾಮುಗಳನ್ನು ‘ಶೆಡ್ಯೂಲ್ ಎಚ್’ಗೆ ಸೇರಿಸಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಅದೇ ವರ್ಷ ನಿಷೇಧಿಸಿದ 328 ಮಿಶ್ರ ಔಷಧಗಳ ಪಟ್ಟಿಯಲ್ಲಿ ಚರ್ಮದ ಮುಲಾಮುಗಳೂ ಇದ್ದವು. ಚರ್ಮರೋಗ ತಜ್ಞರ ರಾಷ್ಟ್ರೀಯ ಸಂಘ ಈ ದುರ್ಬಳಕೆಯ ವಿರುದ್ಧ ಪ್ರತ್ಯೇಕ ಕಾರ್ಯಪಡೆಯನ್ನೇ ಕಟ್ಟಿದೆ. ಇಷ್ಟೆಲ್ಲ ಆದಮೇಲೂ ನಮ್ಮೂರ ಬಸ್ ಸ್ಟ್ಯಾಂಡಿನ ಎದುರಿನ ಮೆಡಿಕಲ್ಲಿಗೆ ಹೋಗಿ ‘ಮಗುವಿಗೆ ತುರಿಕೆ’ ಅನ್ನಿ. ಚೀಟಿ ಕೇಳುವುದಿಲ್ಲ, ವಯಸ್ಸು ಕೇಳುವುದಿಲ್ಲ, ಚಿಲ್ಲರೆ ಮಾತ್ರ ಕೇಳುತ್ತಾರೆ.

ನಮಗೆ ಬರೆದುಕೊಟ್ಟಿದ್ದ ಇಂಥ ಟ್ಯೂಬುಗಳ ಫಲ ಗೊತ್ತಾದದ್ದು ಕೊನೆಗೆ ಒಂದು ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗದಲ್ಲಿ. ಅಲ್ಲಿನ ವೈದ್ಯೆ ಮಗುವನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಕೂಲಂಕಷವಾಗಿ ನೋಡಿದರು. ನಮ್ಮಂಥ ಕಂದು ಮೈಯಲ್ಲಿ ಉರಿಯೂತ ಕೆಂಪಾಗಿ ಕಾಣುವುದು ಕಡಿಮೆ, ಬೂದು ಅಥವಾ ಕಡುಗಪ್ಪಾಗಿ ಕಾಣುತ್ತದೆ ಎಂದು ಮೊದಲ ಬಾರಿಗೆ ಹೇಳಿದವರು ಅವರೇ. ‘ಈಗ ನಾನು ಏನು ಹೇಳಿದರೂ ಊಹೆಯಾಗುತ್ತದಮ್ಮ. ಹುಳುಕಡ್ಡಿಯ ಉಂಗುರದಂಥ ಅಂಚನ್ನು ಸ್ಟೀರಾಯ್ಡು ಅಳಿಸಿಹಾಕಿರುತ್ತದೆ, ಇಸುಬಿನ ಗುರುತನ್ನೂ ಮಸುಕು ಮಾಡಿರುತ್ತದೆ. ಎಲ್ಲ ಟ್ಯೂಬು ನಿಲ್ಲಿಸಿ, ಬರೀ ಕೊಬ್ಬರಿ ಎಣ್ಣೆ ಹಚ್ಚಿ, ಕೆಲವು ವಾರ ಬಿಟ್ಟು ಬನ್ನಿ’ ಎಂದರು. ನಿಲ್ಲಿಸಿದೊಡನೆ ಮೈಯೆಲ್ಲ ಭುಗಿಲೆದ್ದಿದೆ. ಕೆರಳುತ್ತದೆ ಎಂದು ಅವರು ಮೊದಲೇ ಹೇಳಿದ್ದರಿಂದ ತಡೆದುಕೊಂಡಿದ್ದೇವೆ.

ಇಷ್ಟನ್ನು ನಮ್ಮ ತಾಲ್ಲೂಕಿನಲ್ಲೇ ಆರಂಭದಲ್ಲೇ ಮಾಡಬಹುದಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವೆಂಬ ಬೋರ್ಡಿದೆ, ಒಳಗೆ ಗ್ಲೂಕೋಸ್ ಪೆಟ್ಟಿಗೆಗಳನ್ನು ಪೇರಿಸಿದ್ದಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ. ಅದರ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ ಬರಬೇಕು, ಅವರು ಹುಡುಕಬೇಕಾದ ತೊಂದರೆಗಳ ಪಟ್ಟಿಯಲ್ಲಿ ಕಜ್ಜಿ, ಶಿಲೀಂಧ್ರ ಸೋಂಕು, ಇಸುಬು ಮೂರೂ ಇವೆ. ತಂಡ ಬಂದು ನನ್ನ ಮಗಳನ್ನು ನೋಡಿ ‘ಚರ್ಮದ ತೊಂದರೆ’ ಎಂದು ಗುರುತು ಹಾಕಿ ಕಳಿಸಿದ್ದು ಅದೇ ಗ್ಲೂಕೋಸ್ ಪೆಟ್ಟಿಗೆಯ ಕೋಣೆಗೆ.

ಈ ನಡುವೆ ನೆಂಟರ ಸಲಹೆಗೆ ಬರವಿಲ್ಲ. ಬದನೆಕಾಯಿ ನಂಜು, ಮೊಟ್ಟೆ ನಂಜು ಎಂದು ನನ್ನ ಮಗಳ ತಟ್ಟೆಯಲ್ಲಿ ಉಳಿದದ್ದು ಅನ್ನ, ತಿಳಿಸಾರು. ಕಕ್ಕೆ ಸೊಪ್ಪು ಅರೆದು ಹಚ್ಚಿ ಎಂದರು, ಬೇವಿನ ನೀರು ಹುಯ್ಯಿ ಎಂದರು. ಸರ್ಪದೋಷ ಎಂದವರ ಮಾತಿಗೆ ನಮ್ಮತ್ತೆ ಕುಕ್ಕೆಗೂ ಕರೆದೊಯ್ದರು. ಅಲ್ಲಿ ಯಾವ ಸೇವೆ ಎಂದು ರಸೀದಿಯಲ್ಲಿ ಅಚ್ಚುಕಟ್ಟಾಗಿ ನಮೂದಿಸಿ ಕೊಟ್ಟರು ಎಂಬುದನ್ನು ಮಾತ್ರ ಇಲ್ಲಿ ಹೇಳಿಬಿಡುತ್ತೇನೆ.

ನಾನು ಕೇಳುವುದು ದೊಡ್ಡ ಕಟ್ಟಡವನ್ನಲ್ಲ. ವೈದ್ಯರು ಔಷಧದ ಜೆನೆರಿಕ್ ಹೆಸರನ್ನು ಸ್ಪಷ್ಟವಾಗಿ ಬರೆಯಬೇಕೆಂಬ ನಿಯಮ ವೈದ್ಯಕೀಯ ನಡತೆ ಸಂಹಿತೆಯಲ್ಲಿ ಆಗಲೇ ಇದೆ. ಅದರ ಮೇಲೆ ಒಂದು ಸಾಲು ಕಾಯಿಲೆಗೂ ಇರಲಿ. ಖಚಿತವಿಲ್ಲದಿದ್ದರೆ ‘ಖಚಿತವಿಲ್ಲ, ಇಸುಬಿರಬಹುದು’ ಎಂದೇ ಬರೆಯಿರಿ. ಮುಂದಿನ ವೈದ್ಯರಿಗೆ ಅಷ್ಟು ಸಾಕು, ಅಂಗನವಾಡಿಗೂ ಸಾಕು. ಹುಳುಕಡ್ಡಿ ಹೌದೋ ಅಲ್ಲವೋ ನೋಡಲು ಚರ್ಮದ ಹೊಟ್ಟನ್ನು ಬ್ಲೇಡಿನಂಚಿನಿಂದ ಕೆರೆದು, ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರಾಯಿತು. ಕ್ಷಯ, ಮಲೇರಿಯಾ ನೋಡುವ ಸೂಕ್ಷ್ಮದರ್ಶಕ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇದೆ, ತಂತ್ರಜ್ಞರಿಗೆ ತರಬೇತಿ ಕೊಡಿಸಿ. ತಜ್ಞರು ಸಿಗದಿದ್ದರೆ, ದೂರದಿಂದಲೇ ವೈದ್ಯರ ಸಲಹೆ ಸಿಗುವ ಇ-ಸಂಜೀವನಿಯಲ್ಲಿ ಮಕ್ಕಳ ಚರ್ಮಕ್ಕೆಂದೇ ವಾರದಲ್ಲೊಂದು ದಿನ ಗೊತ್ತುಮಾಡಿ, ಹಗಲ ಬೆಳಕಿನಲ್ಲಿ ತೆಗೆದ ಚಿತ್ರ ಮೊದಲೇ ಕಳಿಸಲು ಅವಕಾಶ ಕೊಡಿ. ಔಷಧ ಪರಿವೀಕ್ಷಕರು ಚೀಟಿಯಿಲ್ಲದೆ ಸ್ಟೀರಾಯ್ಡು ಮಾರುವ ಅಂಗಡಿಗಳಿಗೆ ಸಾಮಾನ್ಯ ಗಿರಾಕಿಗಳಂತೆ ಹೋಗಿ ನೋಡಲಿ.

ನಮ್ಮ ತಾಲ್ಲೂಕಿನ ಚರ್ಮರೋಗ ವೈದ್ಯರ ಹುದ್ದೆ ಯಾವಾಗಿನಿಂದ ಖಾಲಿ ಇದೆ, ಯಾವ ತಿಂಗಳೊಳಗೆ ತುಂಬುತ್ತೀರಿ, ಅಲ್ಲಿಯವರೆಗೆ ಜಿಲ್ಲಾ ಆಸ್ಪತ್ರೆಯ ತಜ್ಞರನ್ನು ಯಾವ ವಾರ ಇಲ್ಲಿಗೆ ಕಳಿಸುತ್ತೀರಿ ಎಂಬುದಕ್ಕೆ ಲಿಖಿತ ಉತ್ತರ ಕೋರುತ್ತೇನೆ.

ಇಂತಿ,
ಒಬ್ಬ ತಾಯಿ